ಚಿತ್ರಶೋಧಕಗಳ ಪ್ರಯೋಗಕ್ಕೊಂದು ಕಿರಿಯ ತಂತ್ರಾಂಶ: ಶಿಲಾಶಾಸನಗಳ ಛಾಯಾಚಿತ್ರಗಳನ್ನು ಓದುವ ವಿಷಯವಾಗಿ

ಶಿಲಾಶಾಸನಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ನೆರವಿನಿಂದ ಸ್ಫುಟಗೊಳಿಸಿ ಓದುವ ರೂಢಿಯು ಈಚಿನ ವರ್ಷಗಳಲ್ಲಿ ಬಲವಾಗಿ ಬೆಳೆದಿದೆ. ಹಳ್ಳಿಯ ಹೊರಗಿನ ವೀರಗಲ್ಲೊಂದರ ಚಿತ್ರವನ್ನು ಮೊಬೈಲಿನಲ್ಲಿಯೇ ತೆಗೆದು, ಅಲ್ಲಿಯೇ ಒಂದು ಗುಂಡಿಯನ್ನೊತ್ತಿ, ಮಾಸಿದ ಅಕ್ಷರಗಳು ಎದ್ದು ಕಾಣುವಂತೆ ಮಾಡಿಕೊಳ್ಳುವುದು ಇಂದು ಯಾರಿಗೂ ಅಸಾಧ್ಯವಲ್ಲ. ಆದರೆ ಹೀಗೆ ಎದ್ದು ಕಂಡ ಗೆರೆಯು ರೂವಾರಿಯ ಉಳಿಯಿಂದ ಆದುದೊ, ತಂತ್ರಾಂಶದ ಗುಣಾಕಾರದಿಂದ ಆದುದೊ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳುವುದಕ್ಕೂ, ಸಾಧ್ಯವಾದಮಟ್ಟಿಗೆ ಉತ್ತರಿಸುವುದಕ್ಕೂ ಅನುಕೂಲವಾಗಲೆಂದು ನಮ್ಮ ವಿಭಾಗದಲ್ಲಿ ಕಿರಿದಾದ ತಂತ್ರಾಂಶವೊಂದನ್ನು ರಚಿಸಿಕೊಂಡಿರುವೆವು. ಅದರ ರಚನೆಯ ಕ್ರಮವನ್ನೂ, ಅದರ ಹಿಂದಿರುವ ಗಣಿತವನ್ನೂ ಕಾಲೇಜಿನ ಅಧ್ಯಾಪಕರಿಗೆ ಮತ್ತು ವಿದ್ಯಾರ್ಥಿಗಳಿಗೆ ತಿಳಿಯುವಂತೆ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗಣಿತವೆಂದು ಅಂಜಬೇಕಾದುದಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು, ಇವಿಷ್ಟು ಬಲ್ಲವರು ಇಲ್ಲಿಯ ಬಹುಭಾಗವನ್ನು ಕಾಗದ ಪೆನ್ಸಿಲುಗಳಿಂದಲೇ ಪರೀಕ್ಷಿಸಿ ನೋಡಬಹುದು.

ಕನ್ನಡ ನಾಡಿನ ಶಾಸನಗಳ ವ್ಯವಸ್ಥಿತವಾದ ಪ್ರಕಟನೆಯು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟದೊಡನೆ 1886ರಲ್ಲಿ ಆರಂಭವಾಯಿತು. ಅಂದಿನಿಂದ ಇಂದಿನವರೆಗೂ ಶಾಸನಜ್ಞರ ಮುಖ್ಯ ಆಧಾರ ಪಡಿಯಚ್ಚು. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಯುವಂತೆ ಮಾಡಿ, ಮೇಲೆ ಮಸಿಯನ್ನು ಒತ್ತಿದರೆ ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಉಳಿಯುವುವು. ಪಡಿಯಚ್ಚಿನ ದೊಡ್ಡ ಗುಣವೆಂದರೆ ಅದು ಕಲ್ಲನ್ನು ಮುಟ್ಟಿ ಬಂದಿರುವುದು. ಕಾಗದವು ಇಳಿದ ಕಡೆ ತಗ್ಗು ಉಂಟು, ಇಳಿಯದ ಕಡೆ ಇಲ್ಲ. ಛಾಯಾಚಿತ್ರವು ಹಾಗಲ್ಲ. ಅದು ತಗ್ಗನ್ನು ಕಾಣುವುದಿಲ್ಲ, ಬೆಳಕನ್ನು ಮಾತ್ರ ಕಾಣುತ್ತದೆ. ತಗ್ಗಿನ ನೆರಳು, ಪಾಚಿಯ ಕಲೆ, ಹಚ್ಚಿದ ಎಣ್ಣೆ, ಕುಂಕುಮ ಇವೆಲ್ಲವೂ ಅದಕ್ಕೆ ಒಂದೇ ಬಗೆಯ ಕಪ್ಪು ಬಿಳುಪುಗಳು. ಹೀಗಿರುವಲ್ಲಿ ಛಾಯಾಚಿತ್ರದ ಮೇಲೆ ನಡೆಸುವ ಸಂಸ್ಕಾರವು ಎಷ್ಟು ಎಚ್ಚರಿಕೆಯದಾಗಿರಬೇಕೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸಾಮಾನ್ಯವಾಗಿ ಕ್ರಿ. ಶ. ಸುಮಾರು 450ಕ್ಕೆ ಸೇರಿಸಲಾಗುವ ಹಲ್ಮಿಡಿಯ ಶಾಸನದಂಥ ಪ್ರಸಿದ್ಧ ಕಲ್ಲಿನಲ್ಲಿಯೂ ಕೆಲವು ಪದಗಳ ಪಾಠವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಅಷ್ಟು ಪರಿಚಿತವಲ್ಲದ ಸಾವಿರಾರು ಕಲ್ಲುಗಳ ಮಾತೇನು?

ಮೊದಲು ‘ಶೋಧಕ’ವೆಂಬ ಪದವನ್ನು ಕುರಿತು ಒಂದು ಮಾತು. ಕನ್ನಡದಲ್ಲಿ ಶೋಧಿಸುವುದೆಂದರೆ ಹುಡುಕುವುದೂ ಹೌದು, ಸೋಸುವುದೂ ಹೌದು. ಫಿಲ್ಟರೆಂಬ ಇಂಗ್ಲಿಷ್ ಮಾತಿಗೆ ಇದು ಒಪ್ಪುವ ಪದವೆಂದು ತೋರಿದರೂ, ಎರಡು ಭಾಷೆಗಳಲ್ಲಿಯೂ ಈ ಪದದಿಂದ ಒಂದು ತಪ್ಪು ಕಲ್ಪನೆ ಹುಟ್ಟುವ ಸಂಭವವುಂಟು. ಜರಡಿಯಲ್ಲಿ ಹಿಟ್ಟನ್ನು ಆಡಿದಾಗ ತೌಡು ಮೇಲುಳಿಯುತ್ತದೆ, ಹಿಟ್ಟು ಕೆಳಗಿಳಿಯುತ್ತದೆ. ಇಳಿದ ಹಿಟ್ಟು ಮೊದಲಿದ್ದ ಹಿಟ್ಟೇ. ಚಿತ್ರಶೋಧಕವು ಹೀಗೆ ಒಂದನ್ನು ತಡೆದು ಇನ್ನೊಂದನ್ನು ಬಿಡುವುದಿಲ್ಲ. ಅದು ಹಳೆಯ ಅಂಕಿಗಳಿಂದ ಹೊಸ ಅಂಕಿಗಳನ್ನು ಮಾಡುತ್ತದೆ. ಶೋಧಿಸಿದ ಚಿತ್ರದಲ್ಲಿರುವ ಒಂದು ಬೆಲೆಯಾದರೂ ಕ್ಯಾಮೆರಾ ಅಳೆದ ಬೆಲೆಯಾಗಿರಬೇಕೆಂಬ ನಿಯಮವಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗುವುದು.

ಗಣಕಯಂತ್ರದೊಳಗೆ ಚಿತ್ರವು ಅಂಕಿಗಳ ಒಂದು ಕೋಷ್ಟಕ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕರ್ಷ್ ಅವರು 1957ರಲ್ಲಿ ತಮ್ಮ ಎಳೆಯ ಮಗನ ಛಾಯಾಚಿತ್ರವನ್ನು ಯಂತ್ರಕ್ಕೆ ಊಡಿದಾಗ ಆ ಕೋಷ್ಟಕದಲ್ಲಿ ಅಡ್ಡಲಾಗಿ 176, ಉದ್ದಲಾಗಿ 176 ಮನೆಗಳಿದ್ದುವು. ಇಂದಿನ ಸಾಧಾರಣ ಕ್ಯಾಮೆರಾದ ಚಿತ್ರದಲ್ಲಿ 4000ಕ್ಕೆ 3000, ಎಂದರೆ 1 ಕೋಟಿ 20 ಲಕ್ಷ ಮನೆಗಳು. ಈ ಮನೆಗಳಿಗೆ ಪಿಕ್ಸೆಲ್ ಎಂದು ಹೆಸರು. ಬಣ್ಣವನ್ನು ಬಿಟ್ಟರೆ ಒಂದೊಂದು ಪಿಕ್ಸೆಲಿನಲ್ಲಿಯೂ 0ಯಿಂದ 255ರವರೆಗಿನ ಒಂದು ಅಂಕಿ ಇರುವುದು. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಶೋಧಕದ ಕೆಲಸವಾದರೋ ಇಷ್ಟೆ: ಪ್ರತಿಯೊಂದು ಪಿಕ್ಸೆಲನ್ನೂ ಅದರ ಸುತ್ತಣ ನೆರೆಯವರೊಡನೆ ನೋಡಿ, ಅವುಗಳಿಂದ ಒಂದು ಹೊಸ ಬೆಲೆಯನ್ನು ಗೊತ್ತುಮಾಡಿ, ಬೇರೊಂದು ಕೋಷ್ಟಕದ ಅದೇ ಸ್ಥಾನದಲ್ಲಿ ಬರೆಯುವುದು. ನೆರೆಯವರಲ್ಲಿ ಯಾರಿಗೆ ಎಷ್ಟು ಮಾನ್ಯತೆಯೆಂಬುದನ್ನು ಇನ್ನೊಂದು ಕಿರಿಯ ಚೌಕದಲ್ಲಿ ಬರೆದಿಟ್ಟಿರುತ್ತೇವೆ. ಇದನ್ನು ನಾವು ಗುಣಕಚೌಕವೆಂದು ಕರೆಯುವೆವು. ಒಂಬತ್ತು ಮನೆಗಳ ಗುಣಕಚೌಕದಲ್ಲಿ ಎಲ್ಲ ಕಡೆಯೂ ಒಂಬತ್ತನೆಯ ಒಂದು ಪಾಲನ್ನು ಬರೆದರೆ ಅದು ಸರಾಸರಿಯ ಶೋಧಕವಾಗುವುದು.

ಉದಾಹರಣೆಗೆ, ಕಲ್ಲಿನ ಚಿತ್ರದ ಒಂದೆಡೆ 52, 54, 50, 55, 255, 53, 51, 56, 49 ಎಂಬ ಒಂಬತ್ತು ಬೆಲೆಗಳಿವೆಯೆನ್ನೋಣ. ನಡುವಣ 255 ಸ್ಪಷ್ಟವಾಗಿಯೇ ದೋಷ. ಅಭ್ರಕದ ಹೊಳಪೋ ಕ್ಯಾಮೆರಾದ ಕುಂದೋ ಆಗಿರಬಹುದು. ಮೊತ್ತ 675, ಸರಾಸರಿ 75. ಸರಾಸರಿಯ ಶೋಧಕವು ದೋಷವನ್ನು ಅಳಿಸಲಿಲ್ಲ, ಹರಡಿತು. ಎಂಟು ನೆರೆಯವರ ಲೆಕ್ಕದಲ್ಲಿಯೂ ಆ 255 ಬಂದು ಕೂಡಿಕೊಳ್ಳುವುದು. ಇದಕ್ಕೆ ಬದಲಾಗಿ ಒಂಬತ್ತನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 53 ಬರುವುದು. ದೋಷವು ಗುರುತಿಲ್ಲದೆ ಮಾಯವಾಯಿತು. ಇದು ಮಧ್ಯಾಂಕ ಶೋಧಕ. ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರು 1970ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಕಲ್ಲಿನ ಒರಟುತನವನ್ನು ಕಳೆಯಲು ಇದಕ್ಕಿಂತ ಸೊಗಸಾದ ಸಾಧನವಿಲ್ಲವೆಂದು ಶಾಸನದ ಚಿತ್ರಗಳನ್ನು ಸಂಸ್ಕರಿಸುವವರಲ್ಲಿ ಬಹುಮಂದಿ ನಂಬಿರುವರು.

ಆದರೆ ಇಲ್ಲಿಯೇ ಶಾಸನದ ಓದುಗನಿಗೆ ಮೊದಲನೆಯ ಅಪಾಯ. ಐದಕ್ಕೆ ಐದು, ಎಂದರೆ 25 ಪಿಕ್ಸೆಲುಗಳ ಚೌಕದಲ್ಲಿ ಮಧ್ಯಾಂಕವನ್ನು ತೆಗೆದರೆ, 13ಕ್ಕಿಂತ ಕಡಮೆ ಪಿಕ್ಸೆಲುಗಳಿರುವ ಯಾವ ಗುರುತೂ ಉಳಿಯದು. ಮೂರು ಪಿಕ್ಸೆಲ್ ಅಗಲದ ಒಂದು ನೇರ ಗೆರೆಯನ್ನು ತೆಗೆದುಕೊಳ್ಳಿ. ಚೌಕದ ನಡುವೆ ಅದು ಹಾಯುವಾಗ ಐದು ಸಾಲುಗಳಲ್ಲಿ ಮೂರು ಮೂರರಂತೆ 15 ಪಿಕ್ಸೆಲುಗಳನ್ನು ಆಕ್ರಮಿಸುವುದು, ಆದ್ದರಿಂದ ಉಳಿಯುವುದು. ಅದೇ ಅಗಲದ ಒಂದು ಚುಕ್ಕೆಯಲ್ಲಿ ಮೂರಕ್ಕೆ ಮೂರು, ಒಂಬತ್ತೇ ಪಿಕ್ಸೆಲುಗಳು. ಆದ್ದರಿಂದ ಪೂರ್ಣವಾಗಿ ಅಳಿಯುವುದು. ಗೆರೆಗಳೆಲ್ಲ ಶುಚಿಯಾಗಿ ಉಳಿದು, ಗೆರೆಯಷ್ಟೇ ಅಗಲವಾದ ಚುಕ್ಕೆಗಳೆಲ್ಲ ಹೋಗಿರುವ ಚಿತ್ರವು ನೋಡಲು ಬಹಳ ನಿರ್ಮಲವಾಗಿರುತ್ತದೆ. ಕನ್ನಡ ಬಲ್ಲವರಿಗೆ ಇದರ ಪರಿಣಾಮವನ್ನು ಹೇಳಬೇಕೆ? ‘ಕಂದ’ವು ‘ಕದ’ವಾಗುವುದು, ‘ಗಂಡಿ’ಯು ‘ಗಡಿ’ಯಾಗುವುದು. ಭೂಮಿಯ ಎಲ್ಲೆಗಳನ್ನು ಹೇಳುವ ದಾನಶಾಸನದಲ್ಲಿ ಗಂಡಿಗೂ ಗಡಿಗೂ ಇರುವ ವ್ಯತ್ಯಾಸವು ಸಣ್ಣದಲ್ಲ. ಬೇರೊಂದು ಭಾಷೆಯ, ಬೇರೊಂದು ಲಿಪಿಯ ಜನರು ತಮ್ಮ ಅಗತ್ಯಕ್ಕೆಂದು ಹೊಂದಿಸಿಟ್ಟ ಚೌಕದ ಅಳತೆಯು ನಮ್ಮ ಅನುಸ್ವಾರವನ್ನು ಕಾಯುವುದೆಂದು ನಂಬಲು ಯಾವ ಆಧಾರವೂ ಇಲ್ಲ. ಇನ್ನು ಶೋಧಿಸದೆಯೇ ಓದಿದರೆ ಕಲ್ಲಿನ ಪ್ರತಿಯೊಂದು ಕುಳಿಯೂ ಸೊನ್ನೆಯಂತೆ ಕಾಣುವುದೆಂಬುದೂ ಅಷ್ಟೇ ನಿಜ. ಎರಡು ಕಡೆಯೂ ತೊಡಕಿರುವುದರಿಂದ ಚೌಕದ ಅಳತೆಯನ್ನು ಓದುಗನೇ ಬದಲಾಯಿಸುತ್ತ, ಯಾವ ಅಳತೆಯಲ್ಲಿ ಯಾವ ಚುಕ್ಕೆ ಹೋಯಿತೆಂಬುದನ್ನು ಕಣ್ಣಾರೆ ಕಾಣುವುದೊಂದೇ ಉಪಾಯ.

ಈ ಅಗತ್ಯವೇ ನಮ್ಮ ತಂತ್ರಾಂಶದ ಮೂಲ. ಇದನ್ನು ಪೈಥಾನ್ ಭಾಷೆಯಲ್ಲಿ ಬರೆದಿದೆ. ಅಂಕಿಗಳ ಕೋಷ್ಟಕಗಳಿಗೆ ನಂಪೈ, ಚಿತ್ರಗಳ ಕಡತಗಳನ್ನು ತೆರೆಯಲು ಪಿಲ್ಲೋ, ಕಿಟಕಿಗಳಿಗೆ ಪೈಥಾನಿನೊಡನೆಯೇ ಬರುವ ಟಿಕಿಂಟರ್. ಮೂರೂ ಉಚಿತವಾಗಿ ದೊರೆಯುವುವು. ಇಡಿಯ ತಂತ್ರಾಂಶವು ಕೆಲವು ನೂರು ಸಾಲುಗಳಿಗೆ ಮೀರದು. ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ವಾರದಲ್ಲಿ ಓದಿ ಮುಗಿಸಬಹುದಾದಷ್ಟು ಕಿರಿದಾಗಿರಬೇಕೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಏಕೆಂದರೆ ತಾನು ಓದಿ ನೋಡಲಾರದ ತಂತ್ರಾಂಶವು ಕೊಟ್ಟ ಗೆರೆಯನ್ನು ಶಾಸನದ ಪಾಠದಲ್ಲಿ ಸೇರಿಸುವುದು ಹೇಗೆ?

ಕಿಟಕಿಯ ಎಡಭಾಗದಲ್ಲಿ ಮೂಲ ಚಿತ್ರ, ಬಲಭಾಗದಲ್ಲಿ ಶೋಧಿಸಿದ ಚಿತ್ರ. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಯಲ್ಲಿ ಸರಿಯುವುದು. ಮೂಲವನ್ನು ಮುಚ್ಚಿಡುವ ಅವಕಾಶವನ್ನು ಬೇಕೆಂದೇ ಕೊಟ್ಟಿಲ್ಲ. ಕೆಳಗಡೆ ಶೋಧಕಗಳ ಕ್ರಮಪಟ್ಟಿ: ಯಾವುದು ಮೊದಲು, ಯಾವುದು ಅನಂತರ, ಯಾವುದಕ್ಕೆ ಯಾವ ಅಳತೆ. ಕ್ರಮಕ್ಕೆ ಇಲ್ಲಿ ಬಹಳ ಬೆಲೆಯುಂಟು. ಗುಣಕಚೌಕಗಳಿಂದ ನಡೆಯುವ ಶೋಧಕಗಳಾದರೆ, ಚಿತ್ರದ ಅಂಚನ್ನೂ ಬೆಲೆಗಳ ಮಿತಿಯನ್ನೂ ಬಿಟ್ಟು ನೋಡಿದಾಗ, ಹಿಂದುಮುಂದು ಮಾಡಿದರೂ ಒಂದೇ ಫಲ. ಮಧ್ಯಾಂಕವು ಅವುಗಳ ನಡುವೆ ಬಂದೊಡನೆ ಈ ಸೌಲಭ್ಯ ತಪ್ಪುವುದು. ಮೊದಲು ಮಧ್ಯಾಂಕ ತೆಗೆದು ಅನಂತರ ಅಂಚುಗಳನ್ನು ಹರಿತಗೊಳಿಸುವುದು ಬೇರೆ, ಮೊದಲು ಹರಿತಗೊಳಿಸಿ ಅನಂತರ ಮಧ್ಯಾಂಕ ತೆಗೆಯುವುದು ಬೇರೆ. ಚಿತ್ರವನ್ನು ಉಳಿಸಿದಾಗಲೆಲ್ಲ ಈ ಕ್ರಮಪಟ್ಟಿಯೂ ಸಾದಾ ಪಠ್ಯದ ಕಡತವಾಗಿ ಅದರ ಜೊತೆಯಲ್ಲಿ ಉಳಿಯುವುದು. ಮೂಲ ಚಿತ್ರವೂ ಈ ಪಟ್ಟಿಯೂ ಇದ್ದರೆ ಮತ್ತೊಬ್ಬ ಓದುಗನು ಅದೇ ಫಲವನ್ನು ಪಡೆದು, ಒಪ್ಪಬಹುದು ಅಥವಾ ಅಲ್ಲಗಳೆಯಬಹುದು. ಪಡಿಯಚ್ಚಿನ ಕಾಗದದ ಮೂಲೆಯಲ್ಲಿ ಊರು, ದಿನಾಂಕಗಳನ್ನು ಬರೆದಿಡುವ ಹಳೆಯ ಶಿಸ್ತಿಗೆ ಇದು ಸಮಾನವೆಂದು ಭಾವಿಸಿರುವೆವು.

ಮೂರನೆಯ ಒಂದು ನೋಟವೂ ಉಂಟು. ಅದು ಶೋಧಿಸಿದ ಚಿತ್ರದಿಂದ ಮೂಲವನ್ನು ಕಳೆದು, ಉಳಿದುದಕ್ಕೆ 128ನ್ನು ಕೂಡಿಸಿ ತೋರಿಸುವುದು. ಬೂದು ಬಣ್ಣವಿದ್ದೆಡೆ ಶೋಧಕವು ಏನನ್ನೂ ಮಾಡಿಲ್ಲ. ಕಪ್ಪು ಬಿಳುಪುಗಳಿದ್ದೆಡೆ ಅದು ಕೈಯಾಡಿಸಿದೆ. ನಮ್ಮ ಅನುಭವದಲ್ಲಿ ವಿದ್ಯಾರ್ಥಿಗಳು ಅತ್ಯಂತ ಹೆಚ್ಚು ಕಲಿಯುವುದು ಈ ನೋಟದಿಂದ. ಅಳಿದುಹೋದ ಚುಕ್ಕೆಗಳು ಇಲ್ಲಿ ಸಾಲುಸಾಲಾಗಿ ಬಂದು ನಿಂತಿರುತ್ತವೆ.

ಈಗ ಹರಿತಗೊಳಿಸುವ ಶೋಧಕವನ್ನು ನೋಡೋಣ. ಏಕೆಂದರೆ ಇಲ್ಲದ ಗೆರೆಯನ್ನು ತರುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ಇದು ಗಣಕಯಂತ್ರಕ್ಕಿಂತ ಹಳೆಯದು. ಛಾಯಾಚಿತ್ರಗಾರರು ಕತ್ತಲೆಕೋಣೆಯಲ್ಲಿ ನೆಗೆಟಿವಿನ ಮೇಲೆ ಅದರದೇ ಮಸಕಾದ ಪಾಸಿಟಿವನ್ನು ಇಟ್ಟು ಮುದ್ರಿಸಿ ಅಂಚುಗಳನ್ನು ಎತ್ತಿ ತೋರಿಸುತ್ತಿದ್ದರು. ಅಂಕಿಗಳಲ್ಲಿ ಹೇಳುವುದಾದರೆ, ಮೂಲದಿಂದ ಅದರ ಮಸಕು ರೂಪವನ್ನು ಕಳೆದು, ಆ ಉಳಿಕೆಯನ್ನು ಮೂಲಕ್ಕೆ ಕೂಡಿಸುವುದು. ಅತ್ಯಂತ ಸರಳವಾದ ರೂಪದಲ್ಲಿ, ಒಂದೇ ಸಾಲಿನ ಮೇಲೆ, ಗುಣಕಗಳು −1, 3, −1 ಎಂದಿರಲಿ. ಕಲ್ಲಿನ ಮೇಲೆ ಒಂದು ಕಡೆ ನೆರಳು, ಇನ್ನೊಂದು ಕಡೆ ಬೆಳಕು: 40, 40, 40, 40, 100, 100, 100, 100. ನೆರಳಿನ ನಡುವೆ 40ರ ಮೂರರಷ್ಟಾದ 120ರಿಂದ ಅಕ್ಕಪಕ್ಕದ ಎರಡು 40ಗಳನ್ನು ಕಳೆದರೆ ಮತ್ತೆ 40. ಬೆಳಕಿನ ನಡುವೆಯೂ ಹೀಗೆಯೇ 100. ಆದರೆ ನೆರಳಿನ ಕೊನೆಯ ಪಿಕ್ಸೆಲಿನಲ್ಲಿ 120ರಿಂದ 40ನ್ನೂ 100ನ್ನೂ ಕಳೆಯಬೇಕಾಗಿ −20 ಬರುವುದು. ಬೆಳಕಿನ ಮೊದಲ ಪಿಕ್ಸೆಲಿನಲ್ಲಿ 300ರಿಂದ ಅವೆರಡನ್ನು ಕಳೆದು 160. ಕಪ್ಪಿಗಿಂತ ಕಪ್ಪು ಇಲ್ಲವಾದುದರಿಂದ −20 ಎಂಬುದು 0 ಆಗಿ ನಿಲ್ಲುವುದು. ಫಲವಾಗಿ 40, 40, 40, 0, 160, 100, 100, 100 ಎಂಬ ಸಾಲು ದೊರೆಯಿತು.

ವಾಚಕರು ಈ ಸಾಲನ್ನು ಗಮನವಿಟ್ಟು ನೋಡಬೇಕು. ಮೂಲದಲ್ಲಿದ್ದುದು ಒಂದೇ ಒಂದು ಮೆಟ್ಟಿಲು. ಈಗ ಅದರ ಪಕ್ಕದಲ್ಲಿ ಉದ್ದಕ್ಕೂ ಒಂದು ಕಡುಗಪ್ಪು ಗೆರೆ, ಅದಕ್ಕೆ ಅಂಟಿಕೊಂಡು ಒಂದು ಬಿಳಿಯ ಗೆರೆ. ಓರೆ ಬೆಳಕಿನಲ್ಲಿ ಉಳಿಯಿಂದ ಕೊರೆದ ಗೆರೆಯು ಹೇಗೆ ಕಾಣುವುದು? ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳುಪು, ಹೀಗೆಯೇ. ಕಲ್ಲಿನ ಒಂದು ಸೀಳು, ಪಕ್ಕದ ಮರದ ಕೊಂಬೆಯ ನೆರಳು, ಎಣ್ಣೆಯ ಕಲೆಯ ಅಂಚು, ಇವುಗಳಲ್ಲಿ ಯಾವುದಾದರೂ ಈ ಶೋಧಕದೊಳಗೆ ಹಾಯ್ದು ಕೆತ್ತಿದ ಗೆರೆಯ ವೇಷವನ್ನು ತೊಡಬಲ್ಲುದು. ‘ಪ’ಕಾರದೊಳಗೆ ಒಂದು ಗೆರೆ ಸೇರಿದರೆ ಅದು ‘ಷ’ಕಾರವಾಗುವ ಲಿಪಿಯಲ್ಲಿ ಇದು ತಮಾಷೆಯ ಮಾತಲ್ಲ.

ಹರಿತಗೊಳಿಸುವುದರಿಂದ ಒರಟುತನವೂ ಹೆಚ್ಚುವುದು. ನಡುವೆ 5, ನಾಲ್ಕು ಬದಿಗಳಲ್ಲಿ −1 ಇರುವ ಪ್ರಸಿದ್ಧವಾದ ಗುಣಕಚೌಕದ ಒಟ್ಟು ಮೊತ್ತ 1; ಆದುದರಿಂದ ಸಮತಟ್ಟಾದ ಭಾಗದ ಬೆಳಕು ಬದಲಾಗದು. ಆದರೆ ಪಿಕ್ಸೆಲುಗಳಲ್ಲಿರುವ ಪರಸ್ಪರ ಸಂಬಂಧವಿಲ್ಲದ ಏರುಪೇರುಗಳು ಗುಣಕಗಳ ವರ್ಗಗಳ ಮೊತ್ತವಾದ 29ರ ವರ್ಗಮೂಲದಷ್ಟು, ಎಂದರೆ ಸುಮಾರು 5.4 ಪಟ್ಟು ದೊಡ್ಡವಾಗುವುವು. ಒಂಬತ್ತು ಮನೆಗಳ ಸರಾಸರಿಯು ಅದೇ ಏರುಪೇರುಗಳನ್ನು ಮೂರನೆಯ ಒಂದು ಪಾಲಿಗೆ ಇಳಿಸುವುದು. ಕಲ್ಲಿನ ಮೈಯಲ್ಲಿ ಅಕ್ಷರದ ಆಭಾಸಗಳು ಎಲ್ಲಿಂದ ಬರುವುವೆಂಬುದು ಈ ಎರಡು ಸಂಖ್ಯೆಗಳಿಂದ ಬಹುಮಟ್ಟಿಗೆ ತಿಳಿಯುವುದು.

ಮಸಕುಗೊಳಿಸುವುದಕ್ಕೆ ನಾವು ಗಾಸ್ ಎಂಬ ಗಣಿತಜ್ಞನ ಹೆಸರಿನ ಗಂಟೆಯಾಕಾರದ ತೂಕಗಳನ್ನು ಬಳಸಿರುವೆವು. ಇದರಲ್ಲೊಂದು ಲಾಭವುಂಟು. ಹದಿನೈದಕ್ಕೆ ಹದಿನೈದರ ಗುಣಕಚೌಕವೆಂದರೆ ಪಿಕ್ಸೆಲೊಂದಕ್ಕೆ 225 ಗುಣಾಕಾರಗಳು. ಹಿಂದೆ ಹೇಳಿದ ಚಿತ್ರಕ್ಕೆ ಒಟ್ಟು 270 ಕೋಟಿ. ಆದರೆ ಗಾಸನ ಚೌಕವನ್ನು ಮೊದಲು ಅಡ್ಡಸಾಲಿನಲ್ಲಿ, ಅನಂತರ ಉದ್ದಸಾಲಿನಲ್ಲಿ ಎಂದು ಎರಡಾಗಿ ಬಿಡಿಸಬಹುದು. ಆಗ ಪಿಕ್ಸೆಲೊಂದಕ್ಕೆ 30, ಒಟ್ಟು 36 ಕೋಟಿ ಮಾತ್ರ. ಅಳತೆಯ ಗುಂಡಿಯನ್ನು ಎಳೆದೊಡನೆ ಚಿತ್ರವು ಬದಲಾಗಬೇಕಾದರೆ ಈ ಉಳಿತಾಯ ಬೇಕೇ ಬೇಕು. ಇದಲ್ಲದೆ ಪ್ರಯೋಗಿಸುವಾಗ ಕಣ್ಣೆದುರಿಗಿರುವ ಭಾಗವನ್ನು ಮಾತ್ರ ಲೆಕ್ಕಮಾಡಿ, ಉಳಿಸುವಾಗ ಪೂರ್ತಿ ಚಿತ್ರವನ್ನು ಲೆಕ್ಕಮಾಡುವಂತೆ ಏರ್ಪಡಿಸಿದೆ.

ಇಂಥ ತಂತ್ರಾಂಶವನ್ನು ತಾವೇ ಬರೆಯಲು ತೊಡಗುವ ವಿದ್ಯಾರ್ಥಿಗಳು ಎಚ್ಚರವಹಿಸಬೇಕಾದ ಕೆಲವು ಸ್ಥಳಗಳನ್ನು ಇಲ್ಲಿ ಸೂಚಿಸುವುದು ಉಚಿತ. ಎಂಟು ಬಿಟ್ಟುಗಳ ಅಂಕಿಗಳನ್ನು ಹಾಗೆಯೇ ಕೂಡಿದರೆ 200ಕ್ಕೆ 100 ಸೇರಿ 44 ಆಗುವುದು. 255ನ್ನು ದಾಟಿದ ಲೆಕ್ಕವು ಗಡಿಯಾರದ ಮುಳ್ಳಿನಂತೆ ಮತ್ತೆ ಸೊನ್ನೆಯಿಂದ ಆರಂಭವಾಗುವುದೇ ಇದಕ್ಕೆ ಕಾರಣ. ನಂಪೈ ಇದರ ಬಗ್ಗೆ ಯಾವ ದೂರನ್ನೂ ಹೇಳುವುದಿಲ್ಲ. ಆದ್ದರಿಂದ ತೆರೆದೊಡನೆ ಎಲ್ಲವನ್ನೂ ದಶಮಾಂಶ ಸಂಖ್ಯೆಗಳಾಗಿ ಮಾರ್ಪಡಿಸಿ, ಕಟ್ಟಕಡೆಯಲ್ಲಿ ಒಮ್ಮೆ ಮಾತ್ರ 0ಯಿಂದ 255ರ ಮಿತಿಗೆ ತರತಕ್ಕದ್ದು. ಚಿತ್ರದ ಅಂಚಿನಲ್ಲಿ ನೆರೆಯವರಿಲ್ಲದ ಪಿಕ್ಸೆಲುಗಳ ಗತಿಯೇನೆಂಬುದು ಇನ್ನೊಂದು ಪ್ರಶ್ನೆ. ಹೊರಗೆಲ್ಲ ಸೊನ್ನೆಯೆಂದು ಎಣಿಸಿದರೆ ಸುತ್ತಲೂ ಕಪ್ಪು ಪಟ್ಟಿ ಬರುವುದು. ಸಾಲಿನ ಮೊದಲ ಅಕ್ಷರವು ಅಂಚಿನಲ್ಲಿಯೇ ಇರುವ ಚಿತ್ರಗಳಲ್ಲಿ ಇದು ಸಲ್ಲದು. ಕನ್ನಡಿಯಲ್ಲಿ ಕಂಡಂತೆ ಒಳಗಿನ ಬೆಲೆಗಳನ್ನೇ ಹೊರಗೆ ಮಡಿಚಿ ಇಡುವುದನ್ನು ನಾವು ಸಾಮಾನ್ಯ ವಿಧಾನವನ್ನಾಗಿ ಅಂಗೀಕರಿಸಿ, ಉಳಿದುವನ್ನು ಬೋಧನೆಗಾಗಿ ಇಟ್ಟುಕೊಂಡಿರುವೆವು.

ಇನ್ನೊಂದು ಸೂಕ್ಷ್ಮವು ಪಠ್ಯಪುಸ್ತಕಗಳಲ್ಲಿ ಬಹುವಾಗಿ ಬಿಟ್ಟುಹೋಗುವುದು. ಚಿತ್ರದ ಕಡತದಲ್ಲಿರುವ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಅನುಗುಣವಾಗಿರುವುದಿಲ್ಲ. ಕಣ್ಣಿನ ಅನುಕೂಲಕ್ಕಾಗಿ ಅವುಗಳನ್ನು ಬಾಗಿಸಿ ಬರೆದಿರುತ್ತದೆ. ಕಪ್ಪಿಗೂ ಬಿಳುಪಿಗೂ ನಡುವಣ ಅರ್ಧದಷ್ಟು ಬೆಳಕನ್ನು ರೂಢಿಯ ಮಾನದಲ್ಲಿ 127 ಎಂದಲ್ಲ, 188 ಎಂದು ಬರೆಯಲಾಗುವುದು. ಸರಾಸರಿಯು ಬೆಳಕಿನ ಸರಾಸರಿಯಾಗಬೇಕಾದರೆ ಮೊದಲು ಈ ಬಾಗನ್ನು ಬಿಡಿಸಿ, ಅನಂತರ ಲೆಕ್ಕಮಾಡಿ, ಮತ್ತೆ ಬಾಗಿಸಬೇಕು. ಜೆಪೆಗ್ ರೂಪದ ಚಿತ್ರಗಳ ವಿಷಯದಲ್ಲಿ ಒಂದೇ ಮಾತು: ಆ ರೂಪವು ಚಿತ್ರವನ್ನು ಎಂಟಕ್ಕೆ ಎಂಟರ ತುಂಡುಗಳನ್ನಾಗಿ ಮಾಡಿ ಕುಗ್ಗಿಸುವುದರಿಂದ, ಹರಿತಗೊಳಿಸಿದಾಗ ತುಂಡುಗಳ ಅಂಚುಗಳೇ ಗೆರೆಗಳಾಗಿ ಮೇಲೇಳುವುವು. ಸಾಧ್ಯವಿದ್ದಲ್ಲೆಲ್ಲ ಕ್ಯಾಮೆರಾದ ಕಚ್ಚಾ ಕಡತವನ್ನೇ ಬಳಸುವುದು ಮೇಲು.

ಬಣ್ಣವನ್ನು ಬೂದಾಗಿ ಮಾರ್ಪಡಿಸುವಲ್ಲಿಯೂ ವಿವೇಚನೆ ಬೇಕು. ಕೆಂಪು, ಹಸುರು, ನೀಲಿಗಳನ್ನು 0.299, 0.587, 0.114ರ ಪ್ರಮಾಣದಲ್ಲಿ ಸೇರಿಸುವುದು ದೂರದರ್ಶನದ ಕಾಲದಿಂದ ಬಂದ ವಾಡಿಕೆ. ಕಲ್ಲಿಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ. ಪೂಜೆಗೊಳ್ಳುತ್ತಿರುವ ಕಲ್ಲುಗಳ ಮೇಲೆ ಕುಂಕುಮ ಬಿದ್ದಿರುವುದು ನಮ್ಮಲ್ಲಿ ಸಾಮಾನ್ಯವಷ್ಟೆ. ನೀಲಿಯ ಕೋಷ್ಟಕವನ್ನು ಮಾತ್ರ ತೆಗೆದುಕೊಂಡರೆ ಕುಂಕುಮವು ಕಪ್ಪಾಗಿ ಅಕ್ಷರವನ್ನು ನುಂಗುವುದು. ಕೆಂಪಿನ ಕೋಷ್ಟಕದಲ್ಲಿ ಅದೇ ಕುಂಕುಮವು ಬೆಳ್ಳಗಾಗಿ ಸುತ್ತಣ ಕಲ್ಲಿಗೆ ಹತ್ತಿರ ಬರುವುದು. ಯಾವ ಶೋಧಕವೂ ಇಲ್ಲದೆ, ಕೋಷ್ಟಕದ ಆಯ್ಕೆಯಿಂದಲೇ ಇಷ್ಟು ಸಾಧಿಸಬಹುದು.

ತಂತ್ರಾಂಶವು ಸರಿಯಾಗಿದೆಯೆಂದು ತಿಳಿಯುವ ಬಗೆ ಹೇಗೆ? ಕಲ್ಲಿನ ಚಿತ್ರದಿಂದ ಇದು ತಿಳಿಯದು. ಅಲ್ಲಿ ಸರಿಯಾದ ಉತ್ತರ ಯಾವುದೆಂಬುದೇ ನಮಗೆ ಗೊತ್ತಿಲ್ಲ. ಆದಕಾರಣ ಕೃತಕ ಚಿತ್ರಗಳಿಂದ ಪರೀಕ್ಷಿಸುವೆವು. ಪೂರ್ತಿ ಕಪ್ಪಾದ ಚಿತ್ರದ ನಡುವೆ ಒಂದೇ ಬಿಳಿಯ ಪಿಕ್ಸೆಲನ್ನಿಟ್ಟು ಶೋಧಿಸಿದರೆ ಗುಣಕಚೌಕವೇ ಚಿತ್ರವಾಗಿ ಎದುರಿಗೆ ಬಂದು ನಿಲ್ಲಬೇಕು. ಅದು ತಲೆಕೆಳಗಾಗಿ ಬಂದರೆ ಲೆಕ್ಕದಲ್ಲಿ ಚೌಕವನ್ನು ತಿರುಗಿಸಿಲ್ಲವೆಂದು ಅರ್ಥ. ಎಲ್ಲ ಕಡೆಯೂ ಸಮನಾದ ಚೌಕಗಳಲ್ಲಿ ಈ ದೋಷ ಬಯಲಾಗುವುದಿಲ್ಲವಾದುದರಿಂದ, ಬೇಕೆಂದೇ ಓರೆಯಾದ ಚೌಕವೊಂದನ್ನು ಇದಕ್ಕೆ ಉಪಯೋಗಿಸಬೇಕು. ಒಂದೇ ಬೂದು ಬಣ್ಣದ ಚಿತ್ರವು ಮಸಕಿನ ಶೋಧಕದಿಂದ ಅಂಚಿನವರೆಗೂ ಬದಲಾಗದೆ ಹೊರಬರಬೇಕು. ಮೇಲೆ ಹೇಳಿದ ಮೆಟ್ಟಿಲಿನ ಸಾಲು ಕೈಲೆಕ್ಕದಂತೆಯೇ ಬರಬೇಕು. ಈ ಪರೀಕ್ಷೆಗಳು ತಂತ್ರಾಂಶವನ್ನು ತೆರೆದಾಗಲೆಲ್ಲ ತಾವಾಗಿಯೇ ನಡೆಯುವುವು.

ಅಂಚುಗಳನ್ನು ಹುಡುಕಲು ಇರ್ವಿನ್ ಸೋಬೆಲ್ ಮತ್ತು ಗ್ಯಾರಿ ಫೆಲ್ಡ್‌ಮನ್ ಅವರು 1968ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮುಂದಿಟ್ಟ ಚೌಕಗಳ ಜೋಡಿಯನ್ನು ಸೇರಿಸಿದೆ. ಒಂದು ಅಡ್ಡ ದಿಕ್ಕಿನ ಬದಲಾವಣೆಯನ್ನೂ ಇನ್ನೊಂದು ಉದ್ದ ದಿಕ್ಕಿನದನ್ನೂ ಅಳೆಯುವುದು. ಎರಡನ್ನೂ ಕೂಡಿಸಿದರೆ ಎಲ್ಲ ದಿಕ್ಕಿನ ಗೆರೆಗಳೂ ಸಿಕ್ಕುವುವೆಂದು ಪುಸ್ತಕಗಳು ಹೇಳುವುವು. ಚಿತ್ರದ ಮಟ್ಟಿಗೆ ಇದು ನಿಜ; ಕಲ್ಲಿನ ಮಟ್ಟಿಗಲ್ಲ. ಎಡದಿಂದ ಓರೆ ಬೆಳಕು ಬಿದ್ದಾಗ ನಿಂತ ಗೆರೆಗಳಿಗೆ ನೆರಳುಂಟು, ಬೆಳಕಿನ ದಿಕ್ಕಿನಲ್ಲಿಯೇ ಮಲಗಿದ ಗೆರೆಗಳಿಗೆ ನೆರಳಿಲ್ಲ. ಕ್ಯಾಮೆರಾ ಕಾಣದ ಗೆರೆಯನ್ನು ಯಾವ ಶೋಧಕವೂ ತರಲಾರದು. ಅದಕ್ಕೆ ಪರಿಹಾರವಿರುವುದು ತಂತ್ರಾಂಶದಲ್ಲಲ್ಲ, ದೀಪದಲ್ಲಿ.

ಆದುದರಿಂದಲೇ ಎರಡು ಚಿತ್ರಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಒಂದು ಕ್ರಿಯೆಯನ್ನು ಕೂಡಿಸಿರುವೆವು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಕತ್ತಲಾದ ಮೇಲೆ ಎಡದಿಂದ ದೀಪ ಹಿಡಿದು ಒಂದು, ಬಲದಿಂದ ಹಿಡಿದು ಒಂದು ಚಿತ್ರವನ್ನು ತೆಗೆಯಬೇಕು. ಪ್ರತಿ ಪಿಕ್ಸೆಲಿನಲ್ಲಿಯೂ ಎಡದ್ದರಿಂದ ಬಲದ್ದನ್ನು ಕಳೆದು, ಬಂದುದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಪಾಚಿಯ ಕಲೆಯು ಎರಡು ಚಿತ್ರಗಳಲ್ಲಿಯೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಭಾಗಾಕಾರದಲ್ಲಿ ಅದು ಹೊರಟುಹೋಗುವುದು. ಕಲ್ಲಿನ ಮೈಯ ಓರೆಯು ಎರಡರಲ್ಲಿಯೂ ಬೇರೆಬೇರೆಯಾಗಿ ಕಾಣುವುದರಿಂದ ಅದು ಉಳಿಯುವುದು. ಹೊಳಪಿಲ್ಲದ ಮೈ, ಒಂದರ ಮೇಲೊಂದು ಬೀಳುವ ನೆರಳಿಲ್ಲದ ಸ್ಥಳ, ಬಾಗು ಬಿಡಿಸಿದ ಅಂಕಿಗಳು, ಈ ಮೂರು ನಿಬಂಧನೆಗಳಿಗೆ ಒಳಪಟ್ಟು ಈ ಮಾತು ನಿಲ್ಲುವುದು. ಇದೇ ವಿಚಾರವನ್ನು ಹಲವು ದೀಪಗಳಿಗೆ ವಿಸ್ತರಿಸಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನವು ಇಂದು ಪ್ರಾಚೀನ ವಸ್ತುಗಳ ಅಧ್ಯಯನದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ನಮ್ಮದು ಅದರ ಮುಂದೆ ತೀರ ಚಿಕ್ಕದು. ಆದರೆ ಒಂದು ಟಾರ್ಚಿನಿಂದ ಆಗುವಂಥದು.

ಅಕ್ಷರವನ್ನು ಪೂರ್ತಿ ಕಪ್ಪಾಗಿಯೂ ಕಲ್ಲನ್ನು ಪೂರ್ತಿ ಬೆಳ್ಳಗೂ ಮಾಡುವ ಕೊನೆಯ ಹಂತವನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಒಟ್ಟು ಚಿತ್ರಕ್ಕೆ ಒಂದೇ ಗಡಿಯನ್ನು ಆರಿಸುವ ಓಟ್ಸು ಅವರ 1979ರ ವಿಧಾನವು ಸಮನಾದ ಬೆಳಕಿನ ಪುಸ್ತಕದ ಪುಟಕ್ಕೆ ಸೊಗಸಾದುದು, ಕಲ್ಲಿಗೆ ಅಲ್ಲ. ಪ್ರತಿ ಪಿಕ್ಸೆಲಿನ ಸುತ್ತಣ ಸರಾಸರಿಯನ್ನೂ ಚದರುವಿಕೆಯನ್ನೂ ನೋಡಿ ಗಡಿಯನ್ನು ಬದಲಾಯಿಸುವ ಸೌವೋಲಾ ಅವರ 2000ದ ವಿಧಾನವು ಅದಕ್ಕಿಂತ ಮೇಲು. ಆದರೆ ಕಪ್ಪು ಬಿಳುಪಾಗಿ ಒಡೆದ ಚಿತ್ರದಲ್ಲಿ ಸಂದೇಹಕ್ಕೆ ಸ್ಥಳವಿಲ್ಲ. ಸಂದೇಹವಿರಬೇಕಾದಲ್ಲಿ ಅದನ್ನು ತೆಗೆದುಹಾಕುವುದು ಓದುಗನಿಗೆ ಉಪಕಾರವಲ್ಲ. ಈ ಹಂತವನ್ನು ಮುದ್ರಣಕ್ಕಲ್ಲದೆ ಓದುವುದಕ್ಕೆ ಬಳಸಬಾರದೆಂದು ನಮ್ಮ ಅಭಿಪ್ರಾಯ.

ಬಳಕೆಯಲ್ಲಿರುವ ತಂತ್ರಾಂಶಗಳಿರುವಾಗ ಇನ್ನೊಂದೇಕೆಂದು ಕೆಲವರು ಕೇಳಿರುವುದುಂಟು. 1996ರಲ್ಲಿ ಹೊರಬಂದ ಗಿಂಪ್, ವೇಯ್ನ್ ರಾಸ್‌ಬ್ಯಾಂಡ್ ಅವರು 1997ರಿಂದ ಬೆಳೆಸಿದ ಇಮೇಜ್-ಜೆ, ಎರಡೂ ಉಚಿತ, ಎರಡೂ ಶಕ್ತವಾದುವು. ಸಂಶೋಧಕರು ಇಮೇಜ್-ಜೆಯನ್ನು ಕಲಿಯಲೇಬೇಕೆಂದು ನಾವೂ ಹೇಳುವೆವು. ನಮ್ಮ ತಂತ್ರಾಂಶವು ಅವುಗಳಿಗೆ ಬದಲಿಯಲ್ಲ. ಚೌಕದ ಅಂಕಿಯನ್ನು ಬದಲಾಯಿಸಿದೊಡನೆ ಅನುಸ್ವಾರಕ್ಕೆ ಏನಾಯಿತೆಂದು ನೋಡುವ ಪ್ರಯೋಗಶಾಲೆ ಇದು. ಇತ್ತೀಚೆಗೆ ಬಂದಿರುವ, ಅಸಂಖ್ಯ ಚಿತ್ರಗಳಿಂದ ತರಬೇತು ಪಡೆದು ಮಸಕನ್ನು ನೀಗಿಸುವ ಕೃತಕ ನರಜಾಲದ ಸಾಧನಗಳನ್ನು ಮಾತ್ರ ಬುದ್ಧಿಪೂರ್ವಕವಾಗಿ ದೂರವಿಟ್ಟಿರುವೆವು. ಮೇಲೆ ಹೇಳಿದ ಶೋಧಕಗಳು ತಪ್ಪು ಗೆರೆಯನ್ನು ತಂದರೂ ಏಕೆ ತಂದುವೆಂದು ಕೈಲೆಕ್ಕದಿಂದ ತೋರಿಸಬಹುದು. ನರಜಾಲವು ತಾನು ಹಿಂದೆ ಕಂಡ ಚಿತ್ರಗಳ ಹೋಲಿಕೆಯಿಂದ ಇಲ್ಲಿ ಏನಿರುವುದು ಸಂಭವವೋ ಅದನ್ನು ತುಂಬುವುದು. ಸಂಭವವಾದುದನ್ನು ಊಹಿಸುವುದು ವಿದ್ವಾಂಸನ ಕೆಲಸವೇ ಹೌದು. ಆದರೆ ಅವನು ಅದನ್ನು ಚೌಕ ಕಂಸದೊಳಗೆ ಬರೆಯುತ್ತಾನೆ. ಯಂತ್ರವು ಕಂಸವನ್ನು ಹಾಕುವುದಿಲ್ಲ.

ತರಗತಿಯಲ್ಲಿ ಈ ತಂತ್ರಾಂಶವನ್ನು ಬಳಸುವಾಗ ನಾವು ಅನುಸರಿಸುತ್ತಿರುವ ಒಂದು ಪರೀಕ್ಷೆಯನ್ನು ಇತರ ಅಧ್ಯಾಪಕರೂ ಪ್ರಯೋಗಿಸಬಹುದು. ಶಾಸನದ ಚಿತ್ರದೊಡನೆ ಅದೇ ಕಲ್ಲಿನ, ಅದೇ ಬೆಳಕಿನ, ಬರಹವಿಲ್ಲದ ಒಂದು ಭಾಗವನ್ನೂ ವಿದ್ಯಾರ್ಥಿಯ ಮುಂದಿಡುವುದು. ಎರಡಕ್ಕೂ ಒಂದೇ ಕ್ರಮಪಟ್ಟಿಯನ್ನು ಅನ್ವಯಿಸುವುದು. ಬರಹವಿಲ್ಲದ ಭಾಗದಲ್ಲಿಯೂ ಅಕ್ಷರದಂಥ ಗೆರೆಗಳು ಮೂಡ ಹತ್ತಿದರೆ ಆ ಕ್ರಮಪಟ್ಟಿಯ ಬಲವನ್ನು ಅಲ್ಲಿಗೆ ತಗ್ಗಿಸಬೇಕು. ಮೂಡದಿರುವವರೆಗೆ ಬರಹದ ಭಾಗದಲ್ಲಿ ಕಂಡ ಗೆರೆಗೆ ಒಂದಿಷ್ಟು ಬೆಂಬಲವಿದೆಯೆನ್ನಬಹುದು. ಮಸಕಿನ ಅಳತೆಯನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿದಾಗಲೂ ಆ ಗೆರೆಯು ಸ್ಥಾನಬಿಡದೆ ನಿಂತರೆ ಬೆಂಬಲವು ಇನ್ನಷ್ಟು ಹೆಚ್ಚುವುದು. ಅಳತೆಯೊಡನೆ ತಾನೂ ಸರಿದಾಡುವ ಗೆರೆಯು ಮೆಟ್ಟಿಲಿನ ಪಕ್ಕದ ಆಭಾಸವಾಗಿರುವುದೇ ಹೆಚ್ಚು. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ 2021ರಿಂದ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಅಳೆದು ಸಂಗ್ರಹಿಸುತ್ತ ಬಂದಿರುವುದನ್ನು ವಾಚಕರು ಬಲ್ಲರು. ಅಂಥ ಅಳತೆಯಲ್ಲಿ ಪಿಕ್ಸೆಲಿನ ಅಂಕಿಯು ಬೆಳಕನ್ನಲ್ಲ, ಕಲ್ಲಿನ ಆಳವನ್ನೇ ಹೇಳುವುದರಿಂದ, ಇದೇ ಗುಣಕಚೌಕಗಳನ್ನು ಆಳದ ಕೋಷ್ಟಕಗಳ ಮೇಲೆ ನಡೆಸಿ ನೋಡುವ ಅನುಕೂಲವನ್ನು ಮುಂದಿನ ವರ್ಷದ ಕೆಲಸದಲ್ಲಿ ಸೇರಿಸಿಕೊಂಡಿರುವೆವು.